ನಿಲ್ಲುವ ಜಾಗ

ಐದನೇ ತರಗತಿಯ ಕೋಣೆ. ನಾವು ನಾಲ್ಕು ಮನೆಯವರು.
ಡೆಸ್ಕು ಜೋಡಿಸಿ ಮಾಡಿದ ಮಂಚದ ಮೇಲೆ
ನನ್ನ ಅತ್ತೆ ಮೆಕ್ ಯಾ, ಮಡಿಲಲ್ಲಿ ರೇಡಿಯೋ.
ಗಂಟೆಗೊಮ್ಮೆ ಅದು ಹೊಳೆಯ ಎತ್ತರ ಹೇಳುತ್ತದೆ,
ಮನೆಯ ಮಗುವಿನ ಜ್ವರ ಅಳೆದು ಹೇಳುವ ಹಾಗೆ.

ರಂತಾವ್ ಪಂಜಾಂಗಿನಲ್ಲಿ ಡಿಸೆಂಬರ್ ಅಂದರೆ ಇಷ್ಟೇ.
ಗೊಲೊಕ್ ಹೊಳೆ ಹೇಳದೆ ಕೇಳದೆ ಬರುತ್ತದೆ,
ಕಾಲು ತೊಳೆಯದೆ ಒಳಗೆ ನುಗ್ಗುತ್ತದೆ.
ಫ್ರಿಜ್ಜನ್ನು ಮೇಜಿನ ಮೇಲೆ ಏರಿಸಿ ಬಂದಿದ್ದೇವೆ,
ಮೇಜನ್ನು ಇಟ್ಟಿಗೆಯ ಮೇಲೆ,
ಇಟ್ಟಿಗೆಯನ್ನು ದೇವರ ಮೇಲೆ.

ಮೂರನೆಯ ದಿನ, ಸಾರ್ಡೀನ್ ಡಬ್ಬಿ ಖಾಲಿಯಾದ ಮೇಲೆ,
ನನ್ನ ಹೆಂಡತಿ ಹಸ್ನಾ ಎದ್ದಳು.
ಕರಿಹಲಗೆಯಲ್ಲಿ ಅರ್ಧಕ್ಕೆ ನಿಂತಿದ್ದ ಭಿನ್ನರಾಶಿಯನ್ನು
ಅಂಗೈಯಲ್ಲಿ ಒರೆಸಿ ಬರೆದಳು:
ಏಪ್ರಿಲ್. ಪೆರ್ಹೆಂತಿಯನ್ ದ್ವೀಪ. ಎರಡು ರಾತ್ರಿ.

ಯಾರೂ ನಗಲಿಲ್ಲ.

ಎರಡು ಗಂಟೆ ರಸ್ತೆ, ಮುಕ್ಕಾಲು ಗಂಟೆ ದೋಣಿ.
ಹುಟ್ಟಿ ನಲವತ್ತೊಂದು ವರ್ಷ, ನಾನು ನೋಡಿಲ್ಲ.
ನೋಡಿ ಬಂದ ಪರದೇಶದವರ ಸುಟ್ಟ ಬೆನ್ನುಗಳನ್ನು
ಕೋಟ ಬಾರುವಿನ ಬಸ್ಸುಗಳಲ್ಲಿ ನೋಡಿದ್ದೇನೆ.
ಪೆರ್ಹೆಂತಿಯನ್ ಅಂದರೆ ನಮ್ಮ ಮಾತಿನಲ್ಲಿ ನಿಲ್ಲುವ ಜಾಗ,
ಬಸ್ ಸ್ಟಾಪಿಗೂ ಅದೇ ಹೆಸರು.
ಬಸ್ ಸ್ಟಾಪಿನಲ್ಲಿ ಬೇಕಾದಷ್ಟು ನಿಂತಿದ್ದೇನೆ.

ಫ್ಯಾನಿನ ಕೋಣೆ ಸಾಕು, ಎಂದೆ. ಏಸಿ ರಿಪೇರಿ ನನ್ನ ಕಸುಬು.
'ಬೇಡ. ಎರಡು ರಾತ್ರಿಯಾದರೂ
ಕೆಟ್ಟ ಏಸಿಗೆ ಬೇರೆ ಯಾರಾದರೂ ಬೈಸಿಕೊಳ್ಳಲಿ'
ಎಂದು 'ಫ್ಯಾನ್' ಮೇಲೆ ಗೆರೆ ಎಳೆದಳು. ಸೀಮೆಸುಣ್ಣ ಮುರಿಯಿತು.

ಹಿಂದೆ ದೋಣಿ ಓಡಿಸುತ್ತಿದ್ದ ಪೊಕ್ ದಾ ಸೆಮಾನ್
ಗೋಡೆಗೊರಗಿದಲ್ಲಿಂದಲೇ ಬುದ್ಧಿ ಹೇಳಿದ:
ಶುಕ್ರವಾರ ಹೋಗಬೇಡಿ, ಸುಲಿಯುತ್ತಾರೆ.
ದೋಣಿಯ ಹಿಂದೆ ಕೂತರೆ ಬಟ್ಟೆ ಒದ್ದೆ,
ಮುಂದೆ ಕೂತರೆ ಸೊಂಟ ಮುರಿತ.
'ಮತ್ತೆ ಎಲ್ಲಿ ಕೂರಬೇಕು?'
'ನಾನು ಚುಕ್ಕಾಣಿ ಹಿಡಿದು ನಿಂತೇ ಇರುತ್ತಿದ್ದೆ.'

ಮೂಲೆಯಲ್ಲಿ ರಕ್ಷಣಾ ಪಡೆಯವರ ಕಿತ್ತಳೆ ಜಾಕೆಟ್ಟುಗಳ ರಾಶಿ.
ನನ್ನ ಮಗ ಅಫ್ಫಾನ್ ಒಂದನ್ನು ತೊಟ್ಟು
ನೆಲದ ಮೇಲೆ ಬೋರಲು ಮಲಗಿ ಈಜು ಶುರುಮಾಡಿದ.
ಮೊನ್ನೆ ಅದೇ ಜಾಕೆಟ್ಟು ತೊಡಿಸಿ
ಅವನನ್ನು ಕಿಟಕಿಯಿಂದ ಇಳಿಸಿದಾಗ ಅತ್ತಿದ್ದ.
ಆಮೇಲೆ ಎದ್ದು ಒಂದು ಆಮೆ ಬರೆದ,
ನಮ್ಮ ಖರ್ಚಿನ ಲೆಕ್ಕವೆಲ್ಲ ಅದರ ಹೊಟ್ಟೆಯೊಳಗೆ ಹೋಯಿತು.

'ನೀರು ನೋಡಲು ದುಡ್ಡು ಕೊಡುತ್ತೀರಾ?'
ಮೆಕ್ ಯಾ ಇನ್ನೇನು ಹೇಳಿಯಾಳು.
ನಾವು ಸುಮ್ಮನಾದೆವು. ಹೊರಗೆ ಮೈದಾನದಲ್ಲಿ
ಗೋಲ್ ಕಂಬದ ಅಡ್ಡಪಟ್ಟಿ ಮಾತ್ರ ಕಾಣುತ್ತಿತ್ತು,
ಅದರ ಮೇಲೊಂದು ಕೋಳಿ.

ಸ್ವಲ್ಪ ಹೊತ್ತು ಬಿಟ್ಟು, ರೇಡಿಯೋ ತಗ್ಗಿಸಿ:
'ಅಲ್ಲಿ ತಳ ಕಾಣುತ್ತದಂತೆ. ಹೌದಾ?'
ಎರಡಾಳು ನೀರಿನಲ್ಲಿ ಬಿದ್ದ ಸೂಜಿಯೂ ಕಾಣುತ್ತದೆ, ಎಂದ ಪೊಕ್ ದಾ.
ಅರವತ್ತು ವರ್ಷ ಕಂದು ನೀರಿನಲ್ಲಿ
ಕಾಲಿನಿಂದ ತಡವಿ ತಡವಿ ಮೆಟ್ಟಿಲು ಹುಡುಕಿದವಳು
ತನ್ನ ಪಾದಗಳನ್ನೇ ನೋಡುತ್ತ ಕೂತಳು.

'ನನ್ನ ಹೆಸರೂ ಬರೆ' ಎಂದಳು. 'ಆದರೆ ನೀರಿನ ಪಕ್ಕದ ಕೋಣೆ ಬೇಡ.
ರಾತ್ರಿ ನೀರಿನ ಸದ್ದು ಕೇಳಿದರೆ
ಎದ್ದು ಸಾಮಾನು ಮೇಲೆತ್ತಿಡುವ ಅಭ್ಯಾಸ ನನಗೆ.
ಪರರ ಮನೆ ಸಾಮಾನು, ಚೆನ್ನಾಗಿರೋಲ್ಲ.'

ಹಸ್ನಾ ಆಮೆಯ ಬಾಲದ ಹತ್ತಿರ ಜಾಗ ಹುಡುಕಿ ಬರೆದಳು:
ಹಿಂದಿನ ಕೋಣೆ. ಸಮುದ್ರ ಕೇಳಿಸದ್ದು.

ಅದು ಅಗ್ಗವೂ ಹೌದು, ಎಂದ ಪೊಕ್ ದಾ.
ರೇಡಿಯೋ ನಾಲ್ಕು ಅಂಗುಲ ಇಳಿದಿದೆ ಅಂತ ಹೇಳಿತು.
ಕೋಳಿ ಇನ್ನೂ ಅಲ್ಲೇ ಇತ್ತು.