ಇಪ್ಪತ್ತು ತೂತು, ಒಬ್ಬ ಯೆಫೀಮ್

ಮುಸ್ತ್ವೇ ಊರಿನ ಸರೋವರದ ಕಚೇರಿಯಲ್ಲಿ
ನಾನು ಲೆಕ್ಕದವಳು. ಹೆಸರು ಎಪ್.
ಹಿಮ ಎಷ್ಟು ಗೇಣು ದಪ್ಪ, ಯಾವ ದಿನ ಬಿರಿಯಿತು,
ಬಿರಿದಾಗ ಎಂಥ ಸದ್ದು,
ಎಲ್ಲ ಒಂದೇ ಕಡತಕೋಶದಲ್ಲಿ, ಒಂದರ ಮೇಲೊಂದು,
ಒಂಬತ್ತು ಲಕ್ಷ ಚಿಲ್ಲರೆ.
ಇಷ್ಟು ದೊಡ್ಡ ಮೂಟೆಗೆ ಯಾರೂ ಒಳಕೋಣೆ ಮಾಡಲಿಲ್ಲ.
ನಾನೂ ಮಾಡಲಿಲ್ಲ.

ಹಳೆಯ ಪ್ರೋಗ್ರಾಂ ಬಾಗಿಲಲ್ಲಿ ನಿಂತು ಕೇಳುತ್ತಿತ್ತು:
ಒಳಗೆ ಏನೇನಿದೆ?
ಕೇಳಿ ಕಲ್ಲಾಗುತ್ತಿತ್ತು.
ಪರದೆ ಕಲ್ಲು, ಮೌಸಿನ ಬಾಣ ಕಲ್ಲು,
ಎದುರು ಕೂತ ನಾನು ಅರೆಗಲ್ಲು.
ಎರಡು ಸಲ ಕಾಫಿ ಕಾಸಿ, ಕುಡಿದು, ಲೋಟ ತೊಳೆದಿಟ್ಟರೂ
ಅದು ಅಲ್ಲೇ, ಹೊಸ್ತಿಲಲ್ಲೇ.

ತಾರ್ತುವಿನಿಂದ ತಾವೆತ್ ಬಂದ. ಮೂಗು ಕೆಂಪು, ಮಾತು ಕಡಿಮೆ.
ತುಕ್ಕಿನ ಹೆಸರಿಟ್ಟುಕೊಂಡ ಭಾಷೆಯಲ್ಲಿ ಬರೆಯುತ್ತಾನೆ.
ಕಬ್ಬಿಣಕ್ಕೆ ತೀರ ಹತ್ತಿರವೆಂದೋ ಏನೋ; ಕೇಳಿದರೆ ನಕ್ಕ.
ಬಲು ಬಿಗಿ ಭಾಷೆ ಅದು:
ಎರವಲು ತಂದದ್ದು ಯಾರ ಕೈಯಲ್ಲಿದೆ, ಎಷ್ಟು ಹೊತ್ತಿಗೆ ಮರಳುತ್ತೆ,
ಹೇಳದೆ ಹೆಜ್ಜೆ ಇಡಗೊಡುವುದಿಲ್ಲ.
ನನ್ನ ಅತ್ತೆ ನೆನಪಾದಳು, ಅವಳ ಹಿಟ್ಟಿನ ಜರಡಿ.

"ನಿಂತು ಕಾಯಬಾರದು. ಕೇಳಿಟ್ಟು ಹೋಗಬೇಕು.
ಉತ್ತರ ಬಂದಾಗ ಅದೇ ನಮ್ಮನ್ನು ಎಬ್ಬಿಸುತ್ತೆ."
ಎಬ್ಬಿಸುವುದು ಅಂದರೆ?
ಅವನು ತಡಕಾಡುತ್ತಿದ್ದ ಮಾತು ಕಿಟಕಿಯಾಚೆ ಕೂತಿತ್ತು:
ಪೇಯ್ಪ್ಸಿಯ ಬಿಳಿ ಬಯಲಲ್ಲಿ ಮುದುಕ ಯೆಫೀಮ್,
ಹಿಮಕ್ಕೆ ಇಪ್ಪತ್ತು ತೂತು ಕೊರೆದು
ಇಪ್ಪತ್ತು ದಾರ ಇಳಿಬಿಟ್ಟು
ಒಂದೊಂದಕ್ಕೂ ಒಂದೊಂದು ಗೆಜ್ಜೆ ಕಟ್ಟಿ
ತಾನು ಜಾರುಬಂಡಿಯ ಮೇಲೆ ಈರುಳ್ಳಿ ಸುಲಿಯುತ್ತಾ.
ಯಾವ ತೂತನ್ನೂ ಇಣುಕುವವನಲ್ಲ.
ಗಿಲ್ ಎಂದರೆ ಏಳುತ್ತಾನೆ. ಎಳೆಯುತ್ತಾನೆ. ಮತ್ತೆ ಈರುಳ್ಳಿ.
ಏಳನೆಯದು ಮೊದಲು, ಎರಡನೆಯದು ಆಮೇಲೆ.
ಮೀನಿಗೆ ಸರದಿ ಯಾರು ಕಲಿಸಿದರು?

ಸರದಿ ಇಲ್ಲದೆಯೇ ಬಂದವು ಹೆಸರುಗಳು ಪರದೆಗೆ.
ತೊಂಬತ್ತನಾಲ್ಕರ ಮಾರ್ಚ್, ಹಿಂದೆಯೇ ಹೋದ ವಾರದ ಮಂಗಳವಾರ,
ನಡುನಡುವಿನ ಬಿಡುವಲ್ಲಿ ಪ್ರೋಗ್ರಾಂ
ತನ್ನ ಬೇರೆ ಕೆಲಸ ನೋಡಿಕೊಂಡಿತು.
ಬಾಣ ಆಡಿಸಿ ನೋಡಿದೆ: ಆಡಿತು!

ಒಂದು ಹೆಸರು ಮಾತ್ರ ಒಡೆದು ಬಂತು.
ಅಕ್ಷರವಿರಬೇಕಾದ ಕಡೆ ಕರಿಯ ವಜ್ರ, ಅದರೊಳಗೊಂದು ಪ್ರಶ್ನೆ.
ಹಳೆಯದಾದರೆ ಇಲ್ಲೇ ಎಡವಿ ಸಾಯುತ್ತಿತ್ತು;
ಹೊಸದು ಒಡೆದದ್ದನ್ನು ಒಡೆದಂತೆಯೇ ಅಂಗೈಯಲ್ಲಿ ತಂದಿಟ್ಟು
ಮುಂದೆ ನಡೆಯಿತು.
ನನಗೆ ಗೊತ್ತು ಅದು ಯಾವ ಅಕ್ಷರ:
ತಲೆಯ ಮೇಲೆ ಅಲೆಯಿಟ್ಟುಕೊಂಡ, ಹೊರಗಿನವರ ಬಾಯಲ್ಲಿ ಕೂರದ ನಮ್ಮ ಸ್ವರ.
ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದ ಹೆಲ್ಗಿ
ಹಳೆಯ ಕೀಲಿಮಣೆಯಲ್ಲಿ ಒತ್ತಿದ್ದು.
ನದಿ ಎಂದು ಬರೆದಿದ್ದಳು, ಅಷ್ಟೇ.

ಕೊನೆಗೆ ಬಂದ ಉತ್ತರ: ಇನ್ನಿಲ್ಲ.
ಗಾಬರಿಯಾಗಿ ತಾವೆತ್‌ನ ಮುಖ ನೋಡಿದೆ.
"ತಪ್ಪಲ್ಲ ಅದು. ಅದೂ ಒಂದು ಸರಿಯುತ್ತರ."
ಹೆಲ್ಗಿಯ ಮನೆಯಿಂದ ಫೋನ್ ಬಂದ ದಿನ
ಯಾರೂ ನನಗೆ ಹೀಗೆ ಹೇಳಿರಲಿಲ್ಲ.

ಸಂಜೆ, ಬೂಟಿನ ದಾರ ಬಿಗಿಯುತ್ತಾ, ದನಿ ತಗ್ಗಿಸಿ
ಒಪ್ಪಿಕೊಂಡ: "ನಿಜ ಹೇಳಲೇ, ಎಪ್?
ಕಡತಕೋಶದ ತೂತಿಗೆ ಗೆಜ್ಜೆ ಕಟ್ಟಲು ಬರುವುದಿಲ್ಲ.
ಕೆಳಗೆ, ಕಾಣದ ಕಡೆ, ಒಬ್ಬ ಕೂಲಿಯಾಳನ್ನು ನಿಲ್ಲಿಸಿದ್ದೇನೆ.
ಅವನು ಅಲ್ಲಿ ಕಲ್ಲಾಗಿ ಕಾಯುತ್ತಾನೆ,
ಮೇಲಿನವರು ಹಗುರ ಓಡಾಡುತ್ತಾರೆ."

ನಾನು ಏನೂ ಅನ್ನಲಿಲ್ಲ.
ಯೆಫೀಮನ ಜಾರುಬಂಡಿಯ ಹಿಂದೆ, ಗಾಳಿಗೆ ಬೆನ್ನು ಕೊಟ್ಟು,
ಮೊಮ್ಮಗ ಲಾವ್ರ್ ನಿಂತದ್ದನ್ನು ಬೆಳಗಿಂದ ನೋಡಿದ್ದೆ.
ಮುದುಕನಿಗೆ ಗೆಜ್ಜೆ ಕೇಳಿಸದೆ ಎಷ್ಟು ವರ್ಷವಾಯಿತೋ.
ಥರ್ಮಾಸಿನಲ್ಲಿ ಉಳಿದದ್ದನ್ನು ಹಿಡಿದು ಹಿಮಕ್ಕಿಳಿದೆ.
ಅವರ ಮನೆಯಲ್ಲಿ ಕಾಫಿ ನಡೆಯುತ್ತದೋ ಇಲ್ಲವೋ,
ಕೇಳಿಕೊಂಡು ಬಂದಿರಲಿಲ್ಲ.