ಬೆಂಕಿಗೆಂದು ಬಿಟ್ಟ ಜಾಗ

ತ್ಬಿಲಿಸಿಯ ಸೊಲೊಲಾಕಿ ಓಣಿಯಲ್ಲಿ
ಮೂರು ಮನೆಗಳ ಬೆನ್ನು ಕೂಡುವಲ್ಲಿ ಒಂದು ಹಿತ್ತಲು.
ಹದಿನೇಳು ಹೆಜ್ಜೆ ಉದ್ದ, ಒಂಬತ್ತು ಅಗಲ.
ಮೊನ್ನೆಯವರೆಗೆ ಚಕ್ರವಿಲ್ಲದ ಕಾರೊಂದು
ಗೋಡೆಗೆ ಆತುಕೊಂಡು ಬೆಕ್ಕುಗಳನ್ನು ಸಾಕುತ್ತಿತ್ತು.

ನೆಸ್ತಾನ್ ನಕ್ಷೆ ಹಾಸಿ ಮೂಲೆಗಳಿಗೆ ಇಟ್ಟಿಗೆ ಹೇರಿದಳು.
ಇಲ್ಲಿ ಮಣ್ಣು, ಬರಿಗಾಲಿಗೆ. ಅಲ್ಲಿ ಜೊಂಡು, ಗಾಳಿ ಬಂದು ಮಾತಾಡಲಿಕ್ಕೆ.
ನಡುವೆ ನೀರು. ಬೆಂಕಿಗೆ ಮಾತ್ರ
ಪೆನ್ಸಿಲಿನ ಒಂದು ಚೌಕ, ಒಳಗೊಂದು ಪ್ರಶ್ನೆಚಿಹ್ನೆ.
ಕಿಡಿಯೂ ಕೂಡದೆಂದು ನಗರಸಭೆ ಬರೆದು ಕೊಟ್ಟಿತ್ತು,
ಮೊಹರು ಒತ್ತಿ.

ಮೂರನೆಯ ಮಹಡಿಯಿಂದ ವರ್ಲಾಮ್ ಇಳಿದು ಬಂದ
ಮೆಟ್ಟಿಲೆಣಿಸುತ್ತ, ಎಣಿಕೆ ತಪ್ಪಿಸಿದ ಬೆಕ್ಕನ್ನು ಬೈಯುತ್ತ.
ಊರಿನ ಅರ್ಧ ಪಿಯಾನೋಗಳ ಶ್ರುತಿ ಕೂಡಿಸಿದವನು;
ಕಣ್ಣು ಹೋಗಿ ಆರು ವರ್ಷ.
"ನಕ್ಷೆ ನನಗೇಕೆ? ನೀರು ಬಿಡು."

ಬಿಟ್ಟಳು. ಕಲ್ಲಿಂದ ಕಲ್ಲಿಗೆ ಇಳಿಯಿತು.
ಅವಳಿಗೆ ಕೇಳಿಸಿದ್ದು ಜುಳುಜುಳು.
ಅವನು ಮೂಗು ಮುರಿದ: "ಒಂದೇ ಮಾತಾಡುವ ನೆಂಟ.
ಎರಡನೆಯ ಕಲ್ಲು ಹೆಬ್ಬೆರಳಷ್ಟು ತಗ್ಗಲಿ.
ಮೂರನೆಯದರ ಕೆಳಗೆ ಟೊಳ್ಳು ಬೇಕು."
ಸಂಜೆಯವರೆಗೆ ಎತ್ತಿದಳು, ಇಳಿಸಿದಳು,
ಎತೇರಿಯ ನೆಲಮಾಳಿಗೆಯಿಂದ
ಬಾಯಿ ಒಡೆದ ದ್ರಾಕ್ಷಾರಸದ ಹರವಿ ತಂದು ಹೂತಳು.
ಹನಿ ಬಿತ್ತು. ನೆಲದೊಳಗಿಂದ ಯಾರೋ
ಹೆಸರು ಹಿಡಿದು ಕರೆದ ಹಾಗಾಯಿತು.
ವರ್ಲಾಮ್ ಏನೂ ಅನ್ನಲಿಲ್ಲ. ಅಂದರೆ ಸರಿಯಾಗಿದೆ.

ಗಿಡಗಳ ಜಗಳ ಎರಡು ವಾರ ನಡೆಯಿತು.
ಗುಲಾಬಿ ಬೇಡ, ಸ್ಮಶಾನದ ವಾಸನೆ, ಎಂದಳು ಒಬ್ಬಳು.
ಪುದೀನ ಬೇಡ, ಓಣಿಯನ್ನೇ ನುಂಗುತ್ತದೆ, ಎಂದಳು ಇನ್ನೊಬ್ಬಳು.
ಕೊನೆಗೆ ಟ್ಯಾರಗನ್, ಸಾರಿಗೆ ಪುಡಿಮಾಡುವ ಚೆಂಡುಹೂ,
ಕುರಿಮರಿಯ ಕಿವಿಯಷ್ಟು ಮೆತ್ತಗಿನ ಬೂದಿಬಣ್ಣದ ಎಲೆ,
ಮತ್ತು, ಯಾರು ನೆಟ್ಟರೋ, ಪುದೀನ.

ಚೌಕ ಖಾಲಿ ಉಳಿಯಿತು.
ನೆಸ್ತಾನ್ ಕೆಂಪು ಹೂವಿನ ಪಟ ತೋರಿಸಿದಳು,
ತಾಮ್ರದ ತಗಡು ತೋರಿಸಿದಳು.
ಯಾರಿಗೆ? ನಾಲಿಗೆ ಕಚ್ಚಿಕೊಂಡಳು.

ನವೆಂಬರ್. ಗೋಡೆ ಸವರುತ್ತ ನಡೆದ ವರ್ಲಾಮ್
ಅಂಜೂರದ ಹತ್ತಿರ ನಿಂತುಬಿಟ್ಟ.
ಕೋಟಿನ ಗುಂಡಿ ಬಿಚ್ಚಿದ. ಬೆನ್ನು ಕೊಟ್ಟ ಇಟ್ಟಿಗೆಗೆ.
ಆಚೆ ಎತೇರಿಯ ರೊಟ್ಟಿ ಒಲೆ,
ಬಾವಿಯಂತೆ ಆಳ, ನಸುಕಿನ ನಾಲ್ಕಕ್ಕೇ ಉರಿ;
ಅವಳ ತಾಯಿಯ ಕಾಲದಿಂದ ಕಾಯುತ್ತಿದೆ ಗೋಡೆ,
ಈಚೆಯವರಿಗೆ ಸುದ್ದಿಯೇ ಇಲ್ಲ.
ಬೆಕ್ಕುಗಳಿಗೆ ಗೊತ್ತಿತ್ತು.

ನೆಸ್ತಾನ್ ರಬ್ಬರು ತೆಗೆದು ಪ್ರಶ್ನೆ ಅಳಿಸಿದಳು,
ಗೋಡೆಗೆ ಅಂಟಿಸಿ ಒಂದು ಬೆಂಚು ಬರೆದಳು,
ಇಬ್ಬರು ಕೂರುವಷ್ಟು.
ಮೂರನೆಯದು ಬಾಲವೆತ್ತಿ ಬಂದು ನಡುವೆ ಕೂತಿತು;
ಅದರ ಅಳತೆ ತೆಗೆದಿರಲಿಲ್ಲ.