ಮೆಟ್ಟಿಲೆಣಿಕೆ

ಹದಿನೈದು ದಿನಕ್ಕೊಮ್ಮೆ, ಗುರುವಾರ,
ಶೆಟ್‌ಲ್ಯಾಂಡಿನ ಯೆಲ್ ದ್ವೀಪಕ್ಕೆ ನನ್ನ ಪುಸ್ತಕದ ವ್ಯಾನು.
ಗಾಳಿಗೆ ಬಾಗಿಲು ಕಿತ್ತುಹೋಗದಂತೆ
ಹಗ್ಗ ಬಿಗಿದಿರುತ್ತೇನೆ.

ಸುನ್ನಿವಾಗೆ ಹದಿಮೂರು. ಮಾತು ಕಮ್ಮಿ.
ಕೇಳುವುದು ಒಂದೇ: "ಮುಂದಿನ ಭಾಗ ಬಂತಾ?"
ಕಥೆಯಲ್ಲೊಬ್ಬ ದೈತ್ಯ. ಹಗಲೆಲ್ಲ ಕಲ್ಲು;
ಕತ್ತಲಾದರೆ ಜೀವ ಬಂದು ಮೆಟ್ಟಿಲು ಹತ್ತುತ್ತಾನೆ.
ಮೇಲಿನ ಕೋಣೆಯಲ್ಲಿ ಹುಡುಗಿ ಉಸಿರು ಬಿಗಿಹಿಡಿದು
ಹೆಜ್ಜೆ ಎಣಿಸುತ್ತಾಳೆ.
ಹನ್ನೊಂದಕ್ಕೆ ನಿಂತರೆ ಇವತ್ತಿಗೆ ಬದುಕಿದಳು,
ಹನ್ನೆರಡಾದರೆ—

ನಾನೂ ಓದಿದ್ದೆ, ಫೆರ್ರಿ ಕಾಯುತ್ತ,
ಮಕ್ಕಳ ಕಟ್ಟುಕಥೆ ಅಂದುಕೊಂಡೇ.

ಇವತ್ತು ಕೊನೆಯ ಭಾಗ ವಾಪಸು ತಂದಳು.
ಒಂದೇ ಒಂದು ಪುಟದ ಮೂಲೆ ಮಡಚಿತ್ತು:
ದೀಪಸ್ತಂಭದ ಮುದುಕಿಗೆ ಹುಡುಗಿ ಎಲ್ಲ ಹೇಳುವ ಪುಟ.
ಹೇಳಿದ ಮಾತ್ರಕ್ಕೆ ದೈತ್ಯ ಸಾಯುವುದಿಲ್ಲ ಅಲ್ಲಿ.
ಎಣಿಸುವವರು ಇಬ್ಬರಾಗುತ್ತಾರೆ, ಅಷ್ಟೆ.

"ಬೇರೆ ಪುಸ್ತಕ?" ಅಂದೆ.
ತಲೆ ಅಲ್ಲಾಡಿಸಿದಳು. ಇಳಿಯಲೂ ಇಲ್ಲ.
ಬಾಗಿಲ ಹಗ್ಗ ಹಿಡಿದು, ತನ್ನ ಬೂಟು ನೋಡುತ್ತ,
ಪುಸ್ತಕದಲ್ಲೇನೋ ತಪ್ಪಿದೆ ಅನ್ನುವ ಹಾಗೆ,
"ನಮ್ಮನೇಲಿ ಒಂಬತ್ತೇ ಮೆಟ್ಟಿಲು" ಅಂದಳು.

ಮುಂದಿನ ಊರಲ್ಲಿ ಜನ ಕಾಯುತ್ತಿದ್ದರು.
ಇಂಜಿನ್ ಆರಿಸಿದೆ.
ಫ್ಲಾಸ್ಕಿನಲ್ಲಿ ಇಬ್ಬರಿಗಾಗುವಷ್ಟು ಚಹಾ ಇತ್ತು.